ಎಪ್ರಾಮಿಗೆ ಸಿಕ್ಕ ಒಂದು ಸಾಲು

ಮದುವೆಯ ಮಾತಿಗೆ ವಿಧವೆ ಈವಾಸ್ತೀನಾ 'ಇಲ್ಲ' ಎಂದಿದ್ದರೆ ಎಪ್ರಾಮಿ ಒಂದು ವಾರ ಮುಖ ಊದಿಸಿಕೊಂಡು ಕೂತು, ಮತ್ತೆ ಹಿಮದ ಮೇಲೆ ಎಳೆಯುವ ಜಾರುಬಂಡಿ ಕೆತ್ತುವ ತನ್ನ ಕೆಲಸಕ್ಕೆ ಮರಳುತ್ತಿದ್ದ. 'ಆಗಲಿ' ಎಂದಿದ್ದರೆ ಇನ್ನೂ ಒಳ್ಳೆಯದಿತ್ತು. ಆಕೆ ಎರಡನ್ನೂ ಹೇಳಲಿಲ್ಲ. ಕಾಫಿ ಬಟ್ಟಲನ್ನು ಅವನ ಮುಂದಿಟ್ಟು, "ಕುಸ್ತಾನ್ನ ಒಂದು ಮಾತು ಕೇಳಿಬಿಡಿ. ಅವನು ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ" ಎಂದಳು.

ಕುಸ್ತಾ ಆಕೆಯ ಒಬ್ಬನೇ ಮಗ. ಹೋಗಿ ಕೇಳೋಣವೆಂದರೆ ಪಕ್ಕದ ಕೋಣೆಯಲ್ಲಿರಲಿಲ್ಲ. ಫಿನ್ಲೆಂಡಿನ ಕಾವಲು ಪಡೆಯ ಜೊತೆ ರಷ್ಯಾದ ದೊರೆಯ ಪರವಾಗಿ ತುರ್ಕರ ಮೇಲೆ ಯುದ್ಧಕ್ಕೆ ಹೋಗಿ, ಬಲ್ಗೇರಿಯಾದ ಯಾವುದೋ ಬೆಟ್ಟದ ಮೇಲೆ ಚಳಿಯಲ್ಲಿ ಕೂತಿದ್ದ.

ಎಪ್ರಾಮಿಗೆ ಒಳಗೊಳಗೇ ಅಳುಕು. ಕುಸ್ತಾ ಹುಡುಗನಾಗಿದ್ದಾಗ ಇವನ ಹೊಲದ ಟರ್ನಿಪ್ ಗಡ್ಡೆ ಕಿತ್ತು ಸಿಕ್ಕಿಬಿದ್ದಿದ್ದ. ಇವನು ಅವನ ಕಿವಿ ಹಿಂಡಿದ್ದ. ಸ್ವಲ್ಪ ಜೋರಾಗಿಯೇ ಹಿಂಡಿದ್ದ. ಮುಂದೊಂದು ದಿನ ಆ ಕಿವಿಯ ಒಪ್ಪಿಗೆ ಬೇಕಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಆದರೂ ಕೇಳದೆ ಬಿಡುವಂತಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಸಂಜೆ ಹೊತ್ತು ಮಾತಾಡಲು ಅವನಿಗಿದ್ದದ್ದು ಒಂದು ಬೆಕ್ಕು. ಅದೂ ಈಚೆಗೆ ಮಾತು ಸಾಕಾಗಿ ಗಿರಣಿಯವರ ಮನೆ ಸೇರಿತ್ತು.

ನಮ್ಮೂರಲ್ಲಿ ಓದಲು ಎಲ್ಲರಿಗೂ ಬರುತ್ತದೆ. ಪ್ರಾರ್ಥನೆ ಪುಸ್ತಕ ಓದಲು ಬಾರದವನಿಗೆ ಪಾದ್ರಿಗಳು ಮದುವೆಯನ್ನೇ ಮಾಡಿಸುವುದಿಲ್ಲ. ಬರೆಯಲು ಬರುತ್ತದೆಯೇ ಎಂದು ಯಾವ ಪಾದ್ರಿಯೂ ಕೇಳಿದ್ದಿಲ್ಲ, ಹಾಗಾಗಿ ಯಾರೂ ಕಲಿಯಲು ಹೋಗಲಿಲ್ಲ. ಊರಿನ ಲೇಖನಿಯೆಲ್ಲ ಇದ್ದದ್ದು ಚರ್ಚಿನಲ್ಲಿ ಹಾಡು ಹೇಳಿಸುವ ಸಲೇನಿಯಸ್ಸನ ಕೈಯಲ್ಲಿ. ಅವನದೊಂದು ಕಟ್ಟಳೆ: ಒಂದು ಕಾಗದಕ್ಕೆ ಒಂದೇ ಹಾಳೆ, ಅದೂ ಒಂದೇ ಮಗ್ಗುಲು. ಎರಡನೆಯದನ್ನು ಕೇಳಿದವರಿಗೆ ದುರಾಸೆಯ ಬಗ್ಗೆ ಒಂದು ಉಪದೇಶ ಸಿಗುತ್ತಿತ್ತೇ ಹೊರತು ಹಾಳೆ ಸಿಗುತ್ತಿರಲಿಲ್ಲ.

ಊರಿನವರದೂ ಒಂದು ಕಟ್ಟಳೆಯಿತ್ತು. ಯುದ್ಧಕ್ಕೆ ಹೋದವನಿಗೆ ಯಾರೇ ಕಾಗದ ಬರೆಸಲಿ, ಅದರಲ್ಲಿ ಎಲ್ಲರ ನಮಸ್ಕಾರವೂ ಹೆಸರು ಹಿಡಿದು ಇರಬೇಕು. ಹಿಂದಿನ ಸಲ ಗಿರಣಿಯ ಲೊವೀಸಾಳ ಹೆಸರು ಬಿಟ್ಟುಹೋಗಿತ್ತು. ಆಮೇಲೆ ವಾರಗಟ್ಟಲೆ ಈವಾಸ್ತೀನಾಳ ಹಿಟ್ಟಿನಲ್ಲಿ ಕಲ್ಲು ಸಿಗುತ್ತಿತ್ತು.

ಇದೆಲ್ಲ ಗೊತ್ತಿದ್ದೂ ಎಪ್ರಾಮಿ ಮರುದಿನ ಬೆಳಿಗ್ಗೆ ಗಿರಣಿಯ ದಾರಿಯಲ್ಲೇ ಹೊರಟ. ಹತ್ತಿರದ ದಾರಿಯೆಂಬ ಆಸೆ.

ಲೊವೀಸಾ ಬಾಗಿಲಲ್ಲೇ ನಿಂತಿದ್ದಳು. "ಏನಯ್ಯಾ, ವಾರದ ನಡುವೆ ಭಾನುವಾರದ ಕೋಟು? ಎಲ್ಲಿಗೆ ಸವಾರಿ?"

"ಎಲ್ಲಿಗೂ ಇಲ್ಲ. ಕುಸ್ತಾಗೊಂದು ಕಾಗದ ಬರೆಸೋಣ ಅಂತ."

"ತಾಳು, ಶಾಲು ಹೊದ್ದು ಬಂದೆ."

ಅವನು ಸಲೇನಿಯಸ್ಸನ ಮನೆ ಮುಟ್ಟುವಾಗ ಹಿಂದೆ ಅರ್ಧ ಊರು ಹಿಮ ತುಳಿಯುತ್ತ ಬರುತ್ತಿತ್ತು. ಅಂಚೆಯ ಬಂಡಿ ಮಧ್ಯಾಹ್ನ ಬರುವುದು; ಅದು ತಪ್ಪಿದರೆ ಮತ್ತೆ ಯಾವಾಗಲೋ.

ಸಲೇನಿಯಸ್ ಲೇಖನಿ ಚೂಪು ಮಾಡಿ, ಗಂಟಲು ಸರಿಮಾಡಿಕೊಂಡು, 'ಸರ್ವಶಕ್ತನ ಕೃಪೆಯಿಂದ ನಾವೆಲ್ಲರೂ ಇಲ್ಲಿಯವರೆಗೆ ಆರೋಗ್ಯದಿಂದಿದ್ದು, ನೀನೂ ಹಾಗೆಯೇ ಇರುವಿಯೆಂದು' ಎಂದು ಶುರುಮಾಡಿದ.

"ಇದನ್ನ ಸ್ವಲ್ಪ ಮೊಟಕು ಮಾಡೋಕಾಗಲ್ವಾ?" ಎಂದ ಎಪ್ರಾಮಿ.

"ಕಾಗದ ಬರೀತಿದೀನೋ, ಸೌದೆ ಸೀಳ್ತಿದೀನೋ?" ಎಂದು ಸಲೇನಿಯಸ್ ಕೇಳಿದ. ಸರ್ವಶಕ್ತನಿಗೆ ಹಾಳೆಯ ಕಾಲು ಭಾಗ ಹೋಯಿತು.

ಮುಂದೆ ಲೊವೀಸಾ. ಆಕೆಯ ನಮಸ್ಕಾರ, ಗಂಡನ ನಮಸ್ಕಾರ, ಕುರಿ ಎರಡು ಮರಿ ಹಾಕಿದ ಸಮಾಚಾರ. "ಒಂದು ಕರೀದು ಅಂತ ಬರೀರಿ. ಇಲ್ದಿದ್ರೆ ಅವನು ಎರಡೂ ಬಿಳೀದು ಅನ್ಕೋತಾನೆ."

ಹಳೆಯ ಸಿಪಾಯಿ ಯೂಸೆ ತನ್ನ ನಮಸ್ಕಾರದ ಜೊತೆಗೆ ಕಾಲಿಗೆ ಸುತ್ತುವ ಬಟ್ಟೆಯನ್ನು ಒಣಗಿಸಿಕೊಳ್ಳುವ ಬಗೆಯನ್ನು ಬರೆಸಿದ. ಕಾಲು ಮುರಿದುಕೊಂಡು ಮಲಗಿದ್ದ ಕೈಸಾ ತನ್ನ ಬದಲಿಗೆ ಕೈಗವಸೊಂದನ್ನು ಕಳಿಸಿದ್ದಳು. ಮೇಜಿನ ಮೇಲಿಟ್ಟಾಗ ಅದು ಬಾಯಿಬಿಟ್ಟು ಕೇಳದಿದ್ದರೂ ಒಂದು ಸಾಲು ಗಿಟ್ಟಿಸಿಕೊಂಡಿತು.

ಆಮೇಲೆ ಬಂದವರು ಬೇಲಿಯ ಜಗಳದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಆಂತಿಯುಸ್ ಮತ್ತು ಹೆರ್ಮಾನಿ.

"ಇವನ ಹೆಸರಿನ ಕೆಳಗೆ ನನ್ನ ಹೆಸರು ಕೂಡದು" ಎಂದ ಹೆರ್ಮಾನಿ ಗೋಡೆಗೆ ಹೇಳುವಂತೆ.

"ಮೇಲೆ ಬರೀಲಾ?" ಎಂದ ಸಲೇನಿಯಸ್.

"ನನ್ನ ತಲೆ ಮೇಲೆ ಅವನನ್ನ ಕೂರಿಸ್ತೀರಾ?" ಎಂದ ಆಂತಿಯುಸ್ ಕಿಟಕಿಗೆ.

ಕೊನೆಗೆ ಇಬ್ಬರ ನಡುವೆ ಒಂದು ಸಾಲನ್ನು ಖಾಲಿ ಬಿಡುವುದೆಂದು ತೀರ್ಮಾನವಾಯಿತು. ಆ ಬಿಳಿ ಸಾಲನ್ನು ನೋಡಿ ಎಪ್ರಾಮಿಯ ಹೊಟ್ಟೆ ಉರಿಯಿತು.

"ಸುಮ್ನೆ ಬಿದ್ದಿದೆಯಲ್ಲ, ಅದನ್ನ ನಂಗೆ ಕೊಡಿ."

"ಬೇಲಿ ಮೇಲೆ ಹತ್ತಿ ಕೂರ್ತೀಯಾ?" ಎಂದರು ಅಣ್ಣತಮ್ಮಂದಿರು. ವರ್ಷಗಳ ಮೇಲೆ ಅವರಿಬ್ಬರೂ ಒಟ್ಟಿಗೆ ಆಡಿದ ಮಾತು ಅದೊಂದೇ.

ದೂರದಲ್ಲಿ ಅಂಚೆ ಬಂಡಿಯ ಗಂಟೆ ಕೇಳಿಸಿತು. ಸಲೇನಿಯಸ್ ಹಾಳೆಯನ್ನು ಬೆಳಕಿಗೆ ಹಿಡಿದ. "ಒಂದೇ ಸಾಲು ಉಳಿದಿದೆ ಎಪ್ರಾಮಿ. ನಿನ್ನ ನಮಸ್ಕಾರ ಬರೀಲೋ, ನೀನು ಬಂದ ವಿಷಯ ಬರೀಲೋ?"

ಎಪ್ರಾಮಿ ಕೋಟಿನ ಗುಂಡಿ ತಿರುವುತ್ತ ಯೋಚಿಸಿದ. ಊರಿನವರೆಲ್ಲ ಇಷ್ಟು ಹೇಳಿದ ಮೇಲೆ ತನ್ನದೊಂದು ಇಲ್ಲದಿದ್ದರೆ ಏನು ಮಹಾ? "ವಿಷಯಾನೇ ಬರೀರಿ" ಎಂದವನು ಬಗ್ಗಿ ಸಲೇನಿಯಸ್ಸನ ಕಿವಿಯಲ್ಲಿ ಪಿಸುಗುಟ್ಟಿದ.

ಸಲೇನಿಯಸ್ಸನಿಗೆ ಬರೆಯುವುದನ್ನು ಚರ್ಚಿನ ದನಿಯಲ್ಲಿ ಒದರುವ ಅಭ್ಯಾಸ. "'ಎಪ್ರಾಮಿ ನಿನ್ನ ತಾಯಿಯನ್ನು ಮದುವೆಯಾಗಬೇಕೆಂದಿದ್ದಾನೆ, ನೀನು ಒಪ್ಪುತ್ತೀಯಾ?' ಸರೀನಾ?"

ಎಪ್ರಾಮಿಯ ಮುಖ ಬೀಟ್‌ರೂಟ್ ಆಯಿತು.

"ಕೋಟು ನೋಡಿದಾಗ್ಲೇ ನಂಗೆ ಗೊತ್ತಾಯ್ತು ಬಿಡು" ಎಂದಳು ಲೊವೀಸಾ.

ಉತ್ತರ ಬರುವಷ್ಟರಲ್ಲಿ ಕೆರೆಯ ಹಿಮ ಇನ್ನಷ್ಟು ದಪ್ಪವಾಗಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಸಲೇನಿಯಸ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅದನ್ನು ಓದಿದ. ಕುಸ್ತಾ ಬದುಕಿದ್ದ, ಅಷ್ಟು ಕೇಳಿದ್ದೇ ಈವಾಸ್ತೀನಾ ಕಣ್ಣೊರೆಸಿಕೊಂಡಳು. ಅವನು ಊರಿನವರಿಗೆಲ್ಲ ಒಬ್ಬೊಬ್ಬರಾಗಿ ನಮಸ್ಕಾರ ಹೇಳಿದ್ದ. ಕರಿಯ ಕುರಿಮರಿಯನ್ನು ವಿಚಾರಿಸಿದ್ದ. ಆಂತಿಯುಸ್ಸನಿಗೂ ಹೆರ್ಮಾನಿಗೂ ನಡುವೆ ಒಂದು ಸಾಲು ಬಿಟ್ಟಿದ್ದ. ಎಪ್ರಾಮಿ ಟೋಪಿಯನ್ನು ಹಿಂಡುತ್ತ ಕಾದ.

"'ಇನ್ನು ಎಪ್ರಾಮಿಯ ವಿಷಯ. ಅಮ್ಮಾ, ಟರ್ನಿಪ್ ಕದ್ದವನು ನಾನೇ, ಕಿವಿ ಹಿಂಡಿದ್ದು ಸರಿಯೇ. ನನಗೆ ಅದರ ಸಿಟ್ಟಿಲ್ಲ. ಆತ ಕುಡಿಯುವುದಿಲ್ಲ, ಕೆಲಸಗಾರ, ಒಳ್ಳೆಯವನು.'"

ಎಪ್ರಾಮಿಯ ಎದೆ ಹಗುರಾಯಿತು. ಈವಾಸ್ತೀನಾಳ ಕಡೆ ತಿರುಗಿ ನಕ್ಕೂಬಿಟ್ಟ.

"'ಒಪ್ಪಬೇಕೆಂದೇ ಇದ್ದೆ. ಆದರೆ ಕಾಗದವನ್ನು ಮತ್ತೆ ಮತ್ತೆ ಓದಿದೆ. ಊರಿಗೂರೇ ನಮಸ್ಕಾರ ಹೇಳಿದೆ, ಕೈಸಾಳ ಕೈಗವಸೂ ಹೇಳಿದೆ. ಎಪ್ರಾಮಿಯದು ಮಾತ್ರ ಇಲ್ಲ. ನಾನು ನಾಳೆ ಇರುತ್ತೇನೋ ಇಲ್ಲವೋ. ಅಂಥವನಿಗೆ ಒಂದು ನಮಸ್ಕಾರ ಹೇಳದೆ ತಾಯಿಯನ್ನು ಕೊಡು ಎನ್ನುವವನಿಗೆ ಹೇಗೆ ಕೊಡಲಿ? ನಾನು ಒಪ್ಪುವುದಿಲ್ಲ. ನನ್ನ ಜೊತೆಗಾರರೂ ಒಪ್ಪುವುದಿಲ್ಲ.'"

ಮೆಟ್ಟಿಲ ಸುತ್ತ ಎಲ್ಲರೂ ಎಪ್ರಾಮಿಯನ್ನೇ ನೋಡಿದರು.

"ಒಂದು ನಮಸ್ಕಾರ ಹೇಳೋಕೆ ನಿಂಗೇನಾಗಿತ್ತಯ್ಯಾ ದೊಡ್ಡ ರೋಗ?" ಎಂದಳು ಲೊವೀಸಾ. "ಪಾಪ, ಆ ಹುಡುಗ ಎಷ್ಟು ನೊಂದ್ಕೊಂಡಿದಾನೆ."

"ನನ್ನ ಕಾಲದ ಸಿಪಾಯಿಗಳಾಗಿದ್ರೆ ಬಂದು ಒದೀತಿದ್ರು" ಎಂದ ಯೂಸೆ.

ಆಗ ಈವಾಸ್ತೀನಾಳೇ ಎಪ್ರಾಮಿಯ ಹತ್ತಿರ ಬಂದು ಮೆಲ್ಲಗೆ, "ಇನ್ನೊಂದು ಕಾಗದ ಬರೆಸಿ. ಈ ಸಲ ಮೊದಲು ನಿಮ್ಮ ನಮಸ್ಕಾರ, ಆಮೇಲೆ ಮಿಕ್ಕಿದ್ದು" ಎಂದಳು. ಆಕೆಗೂ ಸಂಜೆಗಳು ಉದ್ದವಾಗಿಯೇ ಇದ್ದವು.

ಮುಂದಿನ ಅಂಚೆಯ ದಿನ ಎಪ್ರಾಮಿ ಸಲೇನಿಯಸ್ಸನಿಗೆ ಎಚ್ಚರವಾಗುವ ಮೊದಲೇ ಹೋಗಿ ಬಾಗಿಲು ಬಡಿದ. ಸರ್ವಶಕ್ತನ ಕೃಪೆಯ ಕೆಳಗೆ ಅವನ ನಮಸ್ಕಾರ ಬಿತ್ತು, ದಪ್ಪ ಅಕ್ಷರದಲ್ಲಿ. ನಿಟ್ಟುಸಿರು ಬಿಟ್ಟು, "ಇನ್ನು ವಿಷಯ ಬರೀರಿ" ಎಂದ.

"ವಿಷಯ ಯಾವತ್ತಿದ್ರೂ ಕೊನೇಲಿ ಬರೋದು" ಎಂದ ಸಲೇನಿಯಸ್. "ನಮಸ್ಕಾರ ಎಲ್ಲ ಮೊದಲು ಮುಗೀಬೇಕು."

ಎಪ್ರಾಮಿ ಹಿಂದೆ ತಿರುಗಿದ. ಜನರ ಸಾಲು ಬಾಗಿಲು ದಾಟಿ, ಅಂಗಳ ದಾಟಿ, ಗಿರಣಿಯ ದಾರಿಯುದ್ದಕ್ಕೂ ಬೆಳೆದಿತ್ತು. ಕೈಸಾ ಈ ಸಲ ಎರಡೂ ಕೈಗವಸು ಕಳಿಸಿದ್ದಳು. ಎಲ್ಲರಿಗಿಂತ ಮುಂದೆ ಲೊವೀಸಾ ನಿಂತಿದ್ದಳು. ಆಕೆಯ ಕಂಕುಳಲ್ಲಿ ಅವನದೇ ಬೆಕ್ಕು.

"ನಂದಾದ ಮೇಲೆ ಇದರದ್ದೂ ಒಂದು ಸಾಲು ಬರೀರಿ" ಎಂದಳು. "ಆಮೇಲೆ ಹುಡುಗ ಬೇಜಾರು ಮಾಡ್ಕೋಬಾರದು ನೋಡಿ."