ಹದಿನೈದು ಸೆಕೆಂಡಿನ ಅಳಿಯ

ತವರಿಗೆಂದು ಹತ್ತು ದಿನಕ್ಕೆ ಕೊಚ್ಕೋರ್‌ಗೆ ಹೋದ ಜಿಬೆಕ್ ನಲವತ್ತು ದಿನವಾದರೂ ಗಂಡನ ಮನೆಗೆ ಹಿಂತಿರುಗಲಿಲ್ಲ. ಗಂಡ ಎರ್ಗೆಶ್ ಕರೆಯಲು ಹೋದಾಗಲೆಲ್ಲ ಅವನ ಅತ್ತೆ ಬುರುಲ್ ಆಪಾ ಏನಾದರೊಂದು ನೆವ ತೆಗೆಯುತ್ತಿದ್ದರು. ಭೂಗೋಳದ ಮೇಷ್ಟ್ರು ಎರ್ಗೆಶ್ ನಲವತ್ತು ದಿನ ತಾನೇ ಬೇಯಿಸಿದ್ದನ್ನು ತಿಂದು ಸೊರಗಿಹೋಗಿದ್ದ.

ಈ ಸಲದ ನೆವ ಕಂಪ್ಯೂಟರ್. ಅದನ್ನು ಅತ್ತೆಗೆ ಕೊಟ್ಟವನೂ, ಲಿನಕ್ಸ್ ತಂತ್ರಾಂಶ ಹಾಕಿ "ಇದರಲ್ಲಿ ನಂಗೆ ಬರದೇ ಇರೋದೇ ಇಲ್ಲ" ಎಂದು ಜಂಬ ಕೊಚ್ಚಿದವನೂ ಅವನೇ.

"ಅಕ್ಷರ ಇರುವೆ ಥರ ಕಾಣ್ತವೆ, ಅಳಿಯಂದ್ರೇ. ದಪ್ಪ ಮಾಡಿದವರು ಕರ್ಕೊಂಡು ಹೋಗ್ಬೋದು," ಎಂದರು ಆಪಾ.

ಜಿಬೆಕ್ ಆಗಲೇ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಮೂರು ಗಂಟೆಗೆ ವ್ಯಾನು.

ಎರ್ಗೆಶ್ ಸೆಟ್ಟಿಂಗ್ಸ್ ತೆರೆದು 'ಎರಡರಷ್ಟು' ಒತ್ತಿದ. ಅಕ್ಷರಗಳು ಉಬ್ಬಿದವು. ಜೊತೆಗೆ ಸೆಟ್ಟಿಂಗ್ಸ್‌ನ ಕಿಟಕಿಯೂ ಉಬ್ಬಿ, 'ಹೀಗೇ ಇರಲಿ' ಎಂಬ ಗುಂಡಿ ಪರದೆಯ ಕೆಳಗೆ ಜಾರಿ ಮಾಯವಾಯಿತು. ಹದಿನೈದು ಸೆಕೆಂಡಿನಲ್ಲಿ ಗುಂಡಿ ಒತ್ತದಿದ್ದರೆ ಎಲ್ಲ ಮೊದಲಿನಂತೆ. ಮತ್ತೆ ಒತ್ತಿದ. ಮತ್ತೆ ಇರುವೆ.

ಅಷ್ಟರಲ್ಲಿ ಪಕ್ಕದ ಮನೆಯ ಮೋಮುನಾಲಿ ಬಂದ. ಮೂವತ್ತು ವರ್ಷ ಲಾರಿ ಓಡಿಸಿದವನು.

"ಉದ್ದ ಸಾಲ್ತಿಲ್ಲ ಕಣಯ್ಯಾ! ಅಡ್ಡ ಇರೋದನ್ನ ಉದ್ದಕ್ಕೆ ನಿಲ್ಸು!"

ಎರ್ಗೆಶ್‌ಗೆ ಹೌದೆನ್ನಿಸಿತು. ಚಿತ್ರವನ್ನು ತಿರುಗಿಸುವ ಸೌಲಭ್ಯವೂ ಅಲ್ಲೇ ಇತ್ತು, ತಿರುಗಿಸಿದ. ಗುಂಡಿ ಕಾಣಿಸಿತು! ಆದರೆ ಇಡೀ ಪರದೆ ಮಗ್ಗುಲಾಗಿ ಮಲಗಿತ್ತು. ಮೌಸನ್ನು ಬಲಕ್ಕೆ ಎಳೆದರೆ ಬಾಣ ಮೇಲಕ್ಕೆ ಓಡುತ್ತಿತ್ತು.

"ನಾವೂ ಮಲಗೋಣ," ಎಂದ ಮೋಮುನಾಲಿ.

ಆಪಾ ಸೇರಿ ಮೂವರೂ ನೆಲದ ಹಾಸಿಗೆಯ ಮೇಲೆ ಮಗ್ಗುಲಾಗಿ ಉರುಳಿದರು. ಎರ್ಗೆಶ್ ಬಾಣವನ್ನು ಅಟ್ಟಿಸಿಕೊಂಡು ಹೋದ, ಮೋಮುನಾಲಿ ಎಣಿಸಿದ.

"ಹನ್ನೆರಡು, ಹದಿಮೂರು... ಎಡಕ್ಕೆ! ಅಯ್ಯೋ, ನಿನ್ನೆಡಕ್ಕಲ್ಲ, ಅದರೆಡಕ್ಕೆ!"

ಹೋಯಿತು. ನಾಲ್ಕು ಸಲ ಹೋಯಿತು. ಎರ್ಗೆಶ್‌ಗೆ ಅಳುವೇ ಬಂತು. ಎರಡೂ ಮುಕ್ಕಾಲು.

ಚಹಾ ತಂದ ಜಿಬೆಕ್ ಸಾಲಾಗಿ ಬಿದ್ದಿದ್ದ ಮೂವರನ್ನೂ ನೋಡಿದಳು, ಗಡಿಯಾರವನ್ನೂ ನೋಡಿದಳು. ಇನ್ನು ತಡೆಯಲಾಗಲಿಲ್ಲ. ಬಟ್ಟಲು ಕೆಳಗಿಟ್ಟು 'ಎರಡರಷ್ಟು' ಒತ್ತಿದಳು, ಕೀಲಿಮಣೆಯ ಒಂದು ಕೀಲಿ ಒತ್ತಿ ಹಿಡಿದುಕೊಂಡು ಮೌಸಿನಿಂದ ಕಿಟಕಿಯನ್ನೇ ಮೇಲಕ್ಕೆಳೆದಳು. ಅಡಗಿದ್ದ ಗುಂಡಿ ಮೇಲೆ ಬಂತು. ಒತ್ತಿದಳು. ಅಕ್ಷರಗಳು ಎಣ್ಣೆಯಲ್ಲಿ ಬಿಟ್ಟ ಬೋರ್ಸೋಕ್ ಹಿಟ್ಟಿನ ತುಂಡುಗಳಂತೆ ಉಬ್ಬಿ ಹಾಗೇ ನಿಂತವು.

"ನಿಂಗ್ಯಾರೇ ಕಲಿಸಿದ್ದು?" ಆಪಾ ಎದ್ದು ಕೂತರು.

"ಯಾರು ಕಲಿಸ್ತಾರೆ? ಮನೇಲಿ ಇವರು ಕೆಡಿಸಿದ್ದನ್ನೆಲ್ಲ ಸರಿಮಾಡೋಳು ನಾನೇ ಅಲ್ವಾ?"

ಮೋಮುನಾಲಿ ಕೆಮ್ಮಿದ. ಎರ್ಗೆಶ್‌ಗೆ ಮಾನ ಹೋದರೂ ಹೆಂಡತಿ ಸಿಕ್ಕಳಲ್ಲ ಎಂಬ ಖುಷಿ. ಚೀಲಕ್ಕೆ ಕೈ ಹಾಕಿದ. ಆಪಾ ಅದನ್ನು ಕಿತ್ತುಕೊಂಡು ಒಳಗಿಟ್ಟರು.

"ಅತ್ತೇ! ಮಾತು ಕೊಟ್ಟಿದ್ರಿ!"

"ನಾನೆಲ್ಲಿ ತಪ್ಪಿದೆ? ದಪ್ಪ ಮಾಡಿದವರು ಕರ್ಕೊಂಡು ಹೋಗ್ಬೋದು ಅಂದೆ. ಮಾಡಿದೋಳು ಅವಳು. ವ್ಯಾನಿನ ತನಕ ನಿಮ್ಮನ್ನ ಕರ್ಕೊಂಡು ಹೋಗಿ ಬಿಟ್ಟು ಬರ್ತಾಳೆ. ನಾಳೆ ಇದು ಮತ್ತೆ ಕೆಟ್ರೆ ನಂಗ್ಯಾರು ಗತಿ?"

ವ್ಯಾನು ಹೊರಟಾಗ ಜಿಬೆಕ್ ಕಿಟಕಿಯ ಪಕ್ಕದಲ್ಲೇ ಓಡುತ್ತ ಬಂದಳು. ಕಣ್ಣು ತುಂಬಿತ್ತು. ಎರ್ಗೆಶ್ ಗಾಜು ಇಳಿಸಿ ಕಿವಿಗೊಟ್ಟ.

"ರೀ, ನಾನು ಬರೋ ತನಕ ನಮ್ಮನೆ ಕಂಪ್ಯೂಟರ್ ಮುಟ್ಟಬೇಡಿ!"