ಲಗ್ನಪತ್ರಿಕೆ ಆ್ಯಪಿನ ಅಕ್ಷರ ರಿಪೇರಿ

ಸುಮ್ಮನ ನಡಿಯೋದನ್ನ ರಿಪೇರಿ ಮಾಡಾಕ ಹೋದ್ರ ಏನರೆ ಒಂದು ಪಜೀತಿ ಆಗೇ ಆಗ್ತೈತ್ರಿ, ನನಗಂತೂ ವರ್ಷಕ್ಕೊಮ್ಮೆ ಗ್ಯಾರಂಟಿ. ಹೈದರಾಬಾದಿನ ಬೇಗಂಪೇಟೆಯೊಳಗ ನಮ್ಮದು ಮೂರು ಮಂದಿ ಆಫೀಸು. ಮೊಬೈಲಿನ್ಯಾಗ ಲಗ್ನಪತ್ರಿಕೆ ಮಾಡೋ ಆ್ಯಪು. ಕೋಡ್ ಬರಿಯೋವ ನಾನು, ತಪ್ಪು ಹುಡುಕೋ ಟೆಸ್ಟರ್ ಮೇಡಂ ಒಬ್ರು, ಇಬ್ಬರನ್ನೂ ಬೈಯೋರು ಸಾಹೇಬರು.

ಆಗ ನನ್ನ ಮದುವಿ ಗೊತ್ತಾಗಿತ್ತು. ಗೊತ್ತಾದ ವಾರಕ್ಕ ಮುರಿಯೋ ಹಂಗನೂ ಆಗಿತ್ತು. ಪತ್ರಿಕೆಯೊಳಗ ‘ತಮ್ಮ ಸುಖಾಗಮನ ಬಯಸುವವರು’ ಅಂತ ಇರ್ತೈತಲ್ಲ, ಅಲ್ಲಿ ಮೊದಲನೇ ಹೆಸರು ತನ್ನದೇ ಇರಬೇಕು ಅಂತ ನಮ್ಮ ಸೋದರಮಾವ ಹಟ ಹಿಡಿದಿದ್ದ. ಹುಡುಗಿಯ ದೊಡ್ಡಪ್ಪನವರದೂ ಅದೇ ಹಟ. ಎರಡನೇ ಸಾಲಿನ್ಯಾಗ ಹೆಸರು ಬಂದ್ರ ಮಂಟಪಕ್ಕ ಕಾಲಿಡೋದಿಲ್ಲ ಅಂತ ಇಬ್ಬರೂ ಹೇಳಿಬಿಟ್ಟಿದ್ರು. ನನಗ ಭಾಳ ಹೆದರಿಕಿ ಆಗಿತ್ತು.

೧. ಪುಕ್ಕಟ ದುಡಿಯೋವ

ಫೋಟೋದ ಮ್ಯಾಲೆ ಅಕ್ಷರ ಬರಿಯಾಕ ನಮ್ಮ ಕೋಡಿನ್ಯಾಗ ಒಂದು ಹಳೇ ತುಣುಕು ಇತ್ತು, ಅದಕ್ಕ ಫಂಕ್ಷನ್ ಅಂತಾರ. ಫೋನ್ ಕಂಪನಿಯವರು ‘ಇದು ಸಾಕು, ಹೊಸದು ಬಳಸ್ರಿ’ ಅಂತ ವರ್ಷಗಟ್ಟಲೆ ಹಳದಿ ಗುರುತು ತೋರಿಸಾಕತ್ತಿದ್ರು. ಅದನ್ನ ಬದಲು ಮಾಡಾಕ ಒಂದು ವಾರ ಬೇಕು ಅಂತ ಸಾಹೇಬರನ್ನ ಕೇಳಿದೆ. ಅವರು ಖಾಸ್ ಹೈದರಾಬಾದಿನವರು, ಮಾತೆಲ್ಲ ದಖನಿ ಉರ್ದು. ಕೋಡ್ ತಿಳಿಯೋದಿಲ್ಲ, ಹಂಗಾಗಿ ತಿಳಿಯೋ ಹಂಗ ಹೇಳಿದೆ.

“ಈ ಹಳೇ ಫಂಕ್ಷನ್ ಒಬ್ಬ ರಿಟೈರ್ ಆದ ನೌಕರ ಅಂತ ತಿಳಕೋರಿ ಸಾಬ್. ಆದ್ರೂ ದಿನಾ ಬಂದು ಕೆಲಸ ಮಾಡಾಕತ್ತಾನ.”

“ಪಗಾರ್ ಲೇತಾ ಕ್ಯಾ?”

“ಪಗಾರ ಇಲ್ರಿ.”

“ಛುಟ್ಟಿ?”

“ಒಂದು ದಿನಾನೂ ರಜಾ ಇಲ್ರಿ.”

ಸಾಹೇಬರು ಮದುವಿ ರಜಾ ಕೇಳಿದ್ದ ನನ್ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ರು. “ತೋ ಉಸ್ಕು ಕಾಯ್ಕು ನಿಕಾಲ್ರೇ ಮಿಯಾ? ತುಮ್ ಜಾವ್.” ಅವನನ್ನ್ಯಾಕ ತೆಗೀತಿ, ನೀನ ಹೋಗು ಅಂತ.

೨. ತಲೆಕೆಳಗ

ಮೂರೇ ದಿನಕ್ಕ ಒಬ್ಬ ಗಿರಾಕಿಯ ಹೊಸ ಫೋನಿನ್ಯಾಗ ಆ್ಯಪು ಬಂದ್ ಬಿತ್ತು. ಸಾಹೇಬರು ತಾವ ಕರದು ‘ಬದಲು ಮಾಡು’ ಅಂದ್ರು. ನಾನು ಹುರುಪಿಲೆ ಹೊಸ ಫಂಕ್ಷನ್ ಹಾಕಿ, ನಂದು ನನ್ನ ಹುಡುಗಿದು ಫೋಟೋ ಇಟ್ಟು, ಟ್ಯಾಬ್ ಅವರ ಕೈಯಾಗ ಕೊಟ್ಟೆ. ಫೋಟೋ ನೆಟ್ಟಗಿತ್ತು, ಅಕ್ಷರ ಎಲ್ಲಾ ತಲೆಕೆಳಗ. ಹಳೇದು ಮ್ಯಾಲಿಂದ ಅಳತಿ ಹಿಡೀತಿತ್ತು, ಹೊಸದು ಕೆಳಗಿಂದ ಹಿಡೀತಿತ್ತು. ಅದು ನನಗ ಗೊತ್ತೇ ಇರಲಿಲ್ಲ.

ಸಾಹೇಬರು ಓದಾಕ ಟ್ಯಾಬ್ ತಿರುಗಿಸಿದ್ರು. ಪರದೆನೂ ಅದರ ಜೋಡಿ ತಿರುಗಿ ಅಕ್ಷರ ಮತ್ತ ತಲೆಕೆಳಗ ಆದವು. ಮತ್ತ ತಿರುಗಿಸಿದ್ರು, ಮತ್ತ ಅದೇ. ಮೇಡಂ ತೆಲುಗಿನ್ಯಾಗ ಶಾಂತವಾಗಿ ಹೇಳಿದ್ರು: “ಸಾರ್, ಅದಿ ತಿರಗದು. ಮೀರೇ ತಿರಗಾಲಿ.” ಅದು ತಿರುಗೋದಿಲ್ಲ, ನೀವ ತಿರುಗಬೇಕು.

ಸಾಹೇಬರು ಖರೇನ ಟ್ಯಾಬ್ ಟೇಬಲ್ ಮ್ಯಾಲೆ ಮಲಗಿಸಿ, ಸುತ್ತು ಹಾಕಿ ಆ ಕಡೆ ಹೋಗಿ ನಿಂತ್ರು. ಬಗ್ಗಿ ನೋಡಿದ್ರು. ಅಕ್ಷರ ಬರೋಬರಿ ಇದ್ವು. ಖುಷಿಯಾಗೋದು ಬಿಟ್ಟು ಫೋಟೋದಾಗಿನ ಮದುಮಗನ್ನ, ಅಂದ್ರ ನನ್ನ, ನೋಡಿ ಹುಬ್ಬು ಗಂಟಿಕ್ಕಿದ್ರು.

“ಅಬ್ ದುಲ್ಹಾ ಉಲ್ಟಾ ಹೋಗಯಾ,” ಅಂದ್ರು.

೩. ಇಬ್ಬರ ಹೆಸರು

ಅಕ್ಷರ ನೆಟ್ಟಗ ಮಾಡಿದೆ. ಹಿರಿಯರು ನೆಟ್ಟಗ ಆಗಲಿಲ್ಲ. “ಇಬ್ಬರ ಹೆಸರೂ ಒಂದೇ ಸಾಲಿನ್ಯಾಗ ಹಾಕ್ತೀನಿ ಮಾವ,” ಅಂದೆ.

“ಎಡಕ್ಕ ಯಾರು?” ಅಂದ.

ಇನ್ನ ಆಗದ ಮಾತು ಅಂತ ಮಾವನ ಹೆಸರು ಮ್ಯಾಲೆ, ದೊಡ್ಡಪ್ಪನವರದು ಕೆಳಗ ಹಾಕಿ, ಆದದ್ದಾಗಲಿ ಅಂತ ಎರಡೂ ಮನಿಗೆ ಪತ್ರಿಕೆ ಕಳಿಸಿಬಿಟ್ಟೆ. ನಮ್ಮಿಬ್ಬರ ಹೆಸರು ಬಂಗಾರದ ಬಣ್ಣದಾಗ ಚಂದ ಬಂದಿತ್ತು. ಅಷ್ಟು ನೋಡಿದೆ, ಕೆಳಗ ನೋಡಲಿಲ್ಲ.

ಹಳೇ ಫಂಕ್ಷನ್ನಿಗೆ ಬಣ್ಣ ಒಮ್ಮೆ ಹೇಳಿದ್ರ ಮುಂದಿನದೆಲ್ಲ ಅದರಾಗ ಬರೀತಿತ್ತು. ಹೊಸದಕ್ಕ ಸಾಲು ಸಾಲಿಗೂ ಹೇಳಬೇಕು, ಹೇಳದಿದ್ರ ಕಪ್ಪು. ಹಿರಿಯರ ಸಾಲಿಗೆ ನಾನು ಹೇಳಿರಲಿಲ್ಲ. ಫೋಟೋದ ಕೆಳಗ, ಅವರ ಹೆಸರು ಬರೋ ಜಾಗದಾಗ, ಪೂರಾ ನನ್ನ ಕರಿ ಕೋಟು. ‘ಸುಖಾಗಮನ ಬಯಸುವವರು’ ಎಲ್ಲಾರೂ ಕೋಟಿನೊಳಗ ಮಾಯ.

ಹತ್ತು ನಿಮಿಷಕ್ಕ ಮಾವನ ಫೋನು. “ನನ್ನ ಹೆಸರೆಲ್ಲಿ?”

ಪತ್ರಿಕೆ ತೆಗೆದು ನೋಡಿದೆ. “ಮಾವ, ಅದು...”

“ಅವಂದು ಐತೇನು?”

“ಅವರದೂ ಇಲ್ಲ.”

“ಒಟ್ಟ ಇಲ್ಲ?”

“ಒಟ್ಟ ಇಲ್ಲ ಮಾವ.”

“ಹಂಗಾದ್ರ ಭಾಳ ಛಲೋ ಬಂದೈತಿ ಬಿಡು. ನಮ್ಮ ಹೆಸರು ಯಾರಿಗೆ ಗೊತ್ತಿಲ್ಲ?”

ಅದರ ಹಿಂದನ ದೊಡ್ಡಪ್ಪನವರು. “ಅಳಿಯಂದಿರ, ಆ ಮನುಷ್ಯಾನ ಹೆಸರು ತೆಗೆದ್ರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕ್ರಿ. ನಂದು ಇಲ್ಲದಿದ್ರೂ ನಡೀತೈತಿ. ಮದುವಿ ಹಿಂದಿನ ದಿನಾನ ಬರ್ತೀನಿ.” ಫೋನಿಟ್ಟು ಕುರ್ಚಿ ಮ್ಯಾಲೆ ಕುಂತು ಕಣ್ಣಾಗ ನೀರು ಬರೋತನಕ ನಕ್ಕೆ.

ಮರುದಿನ ಆಫೀಸಿಗೆ ಹೋದ್ರ ಟೆಸ್ಟರ್ ಮೇಡಂ ತಪ್ಪುಗಳ ಪಟ್ಟಿಯೊಳಗ ಕೆಂಪು ಅಕ್ಷರದಾಗ ಬರೆದಿದ್ರು: ‘ಹಿರಿಯರ ಹೆಸರು ಕಾಣಿಸುತ್ತಿಲ್ಲ. ಕೂಡಲೇ ಸರಿಪಡಿಸಬೇಕು.’

ನಾನು ಅದರ ಕೆಳಗ ಬರೆದೆ: ‘ಕೈ ಮುಗೀತೀನಿ ಮೇಡಂ, ಬರೋ ಭಾನುವಾರ ನನ್ನ ಲಗ್ನ ಐತಿ. ಸೋಮವಾರ ಸರಿ ಮಾಡ್ತೀನಿ.’