ಐವತ್ತೇ ಜನರ ದ್ರಾಕ್ಷಿತೋಟದ ಮದುವೆ

ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವ ನನ್ನಂಥವನು ನಗೆಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಮದುವೆ ಮಾಡುವವರೇ ಅದನ್ನು ಸ್ಟುಡಿಯೊ ಬಾಗಿಲಿಗೆ ತಂದು ಸುರಿಯುತ್ತಾರೆ. ನನ್ನ ಸ್ಟುಡಿಯೊ ಇರುವುದು ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ. ಮೊದಲೆಲ್ಲ ಮಾಟುಂಗದ ಮದುವೆ ಹಾಲ್‌ನಲ್ಲಿ ಧಾರೆ, ಬಾಳೆಎಲೆ ಊಟ, ಸ್ಟೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಫೋಟೊ. ಅಲ್ಲಿಗೆ ಮುಗಿಯಿತು. ಈಗ ಅದು ಯಾರಿಗೂ ಬೇಡ. ಈಗಿನ ಹುಚ್ಚು ನಾಸಿಕದ ದ್ರಾಕ್ಷಿತೋಟ. ವೈನ್ ಮಾಡುವವರ ತೋಟದಲ್ಲಿ, ಬೆರಳೆಣಿಕೆಯ ಜನರ ಮುಂದೆ ತಾಳಿ ಕಟ್ಟಿದರೆ ಮಾತ್ರ ಅದು ಮದುವೆಯಂತೆ. ಅಂಥದೊಂದು ನನ್ನ ತಲೆಗೂ ಕಟ್ಟಿತು.

೧. ಐವತ್ತರ ಪಟ್ಟಿ

ಹುಡುಗಿಯ ಅಪ್ಪ ಹಾಸನದ ಕಡೆಯವರು. ವಿಕ್ರೋಳಿಯ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಮ್ಮ ಕಾಲನಿಗೆ ಬಂದು ಮೂವತ್ತು ವರ್ಷವಾಯಿತು, ಇಲ್ಲಿ ಅವರು ಉಣ್ಣದ ಮದುವೆ ಇಲ್ಲ. ನನ್ನ ಸ್ಟುಡಿಯೊದಲ್ಲಿ ಅಂಥವರ ಮುಂದೆ ಕೂತು ಮದುವೆಯ ಪ್ಲಾನರ್ ಹುಡುಗಿ ಹೇಳಿದಳು: "ಅಂಕಲ್, ಇದು ಇಂಟಿಮೇಟ್ ವೆಡ್ಡಿಂಗ್. ಓನ್ಲಿ ಫಿಫ್ಟಿ."

"ಮೂರು ಮತ್ತೊಂದು ನೆಂಟರನ್ನು ಕರೆಯೋದಕ್ಕೆ ಇಷ್ಟು ಉದ್ದದ ಹೆಸರಾ!" ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮಗಳು ಇನ್ನೂ ಖಡಕ್ ಆಗಿದ್ದಳು. "ಅಪ್ಪಾ, ಕಾಲನಿಯವರು ಯಾರೂ ಬೇಡ. ನೀನು ಒಬ್ಬರನ್ನ ಎಕ್ಸ್‌ಟ್ರಾ ಕರೆದರೂ ನಾನು ರಿಜಿಸ್ಟರ್ ಆಫೀಸಿಗೆ ಹೋಗಿ ಸೈನ್ ಮಾಡಿ ಬರ್ತೀನಿ. ಪ್ರಾಮಿಸ್ ಮಾಡು."

ಅಪ್ಪ ಮಗಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು. ಅವರ ಮುಖ ನೋಡಲಾಗಲಿಲ್ಲ. ನಾಳೆಯಿಂದ ಯಾವ ಮೆಟ್ಟಿಲು ಹತ್ತಿದರೂ ತಲೆತಗ್ಗಿಸಬೇಕಲ್ಲ ಎಂಬ ಸಂಕಟ ಅದು. ಪ್ಲಾನರ್ ಕಡೆ ತಿರುಗಿ ಆಸೆಯಿಂದ ಕೇಳಿದರು: "ಐವತ್ತು ಅಂದ್ರೆ, ಐವತ್ತು ಮನೆ ತಾನೇ?"

೨. ಬೆಳಕು

ಪ್ಲಾನರ್‌ಗೆ ಮುಹೂರ್ತ ಸಂಜೆಯೇ ಬೇಕಿತ್ತು. ಸೂರ್ಯ ಮುಳುಗುವಾಗ ಬೆಳಕು ಬಂಗಾರದಂತೆ ಇರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ ಎಂದು ಅವಳ ವಾದ. ಅದು ನಿಜವೇ. ಆದರೆ ಅದನ್ನು ಪುರೋಹಿತರಿಗೆ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವರು ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಆಗಷ್ಟೇ ಪೂಜೆ ಮುಗಿಸಿ ಕಾಫಿ ಕುಡಿಯುತ್ತಿದ್ದರು.

"ಭಟ್ರೇ, ಹತ್ತೂವರೆಯ ಮುಹೂರ್ತವನ್ನು ಸಂಜೆ ಆರಕ್ಕೆ ತಳ್ಳಬಹುದಾ? ಬೆಳಕಿಗೋಸ್ಕರ."

ಅವರು ಲೋಟ ಕೆಳಗಿಟ್ಟರು. "ಅದಕ್ಕೇನಂತೆ ಮಾರಾಯ್ರೇ, ಸೂರ್ಯನಿಗೇ ಹೇಳಿ, ಬೆಳಿಗ್ಗೆ ಹತ್ತೂವರೆಗೆ ಮುಳುಗ್ಲಿಕ್ಕೆ. ನನಗಿಂತ ಅವನೇ ಬೇಗ ಒಪ್ತಾನೆ."

೩. ದ್ರಾಕ್ಷಿ

ಮದುವೆ ಏಪ್ರಿಲ್ ಕೊನೆಗೆ. ಒಂದು ವಾರ ಮೊದಲು ಜಾಗ ನೋಡಲು ಪ್ಲಾನರ್ ಜೊತೆ ನಾನೂ ನಾಸಿಕಕ್ಕೆ ಹೋದೆ. ತೋಟದಲ್ಲಿ ಕೊಯ್ಲು ಮುಗಿದಿತ್ತು, ಬಳ್ಳಿಗಳನ್ನು ಕತ್ತರಿಸಿಬಿಟ್ಟಿದ್ದರು. ಕಣ್ಣು ಹಾಯಿಸಿದಲ್ಲೆಲ್ಲ ಒಣ ಕೋಲು. ದ್ರಾಕ್ಷಿತೋಟಕ್ಕೆಂದು ಆರು ತಿಂಗಳು ಪ್ಲಾನ್ ಮಾಡಿದವಳಿಗೆ ದ್ರಾಕ್ಷಿ ಯಾವ ತಿಂಗಳಲ್ಲಿ ಇರುತ್ತದೆ ಎಂದು ಕೇಳುವುದು ಹೊಳೆದಿರಲಿಲ್ಲ!

ಹಾಗೆಂದು ಸೋಲುವವಳಲ್ಲ ಅವಳು. ದಾದರ್ ಮಾರ್ಕೆಟ್ಟಿನಲ್ಲಿ ಪೆಟ್ಟಿಗೆಗಟ್ಟಲೆ ಹಸಿರು ದ್ರಾಕ್ಷಿ ಕೊಂಡಳು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ನಾಸಿಕ' ಎಂದೇ ಬರೆದಿತ್ತು. ನಾಸಿಕದಿಂದ ಮುಂಬಯಿಗೆ ಬಂದ ಹಣ್ಣು ಎಸಿ ಗಾಡಿಯಲ್ಲಿ ಮತ್ತೆ ನಾಸಿಕಕ್ಕೆ ಹೋಯಿತು. ಮದುವೆಯ ಬೆಳಿಗ್ಗೆ ಅದನ್ನು ಒಣ ಬಳ್ಳಿಗೆ ಹಸಿರು ದಾರದಲ್ಲಿ ಕಟ್ಟಿಸಿದಳು.

ಹುಡುಗಿಯ ಅಮ್ಮ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ನನ್ನನ್ನು ಕರೆದರು. "ನಮ್ಮ ಬೀದಿ ಗಾಡಿಯಲ್ಲಿ ಬರೋ ದ್ರಾಕ್ಷಿ ಅಲ್ವೇನ್ರೀ ಇದು? ನೆರೆಮನೆಯವರಿಗೆ ಕರೆ ಇಲ್ಲ. ಇದಕ್ಕೆ ಕಾರು ಕಳಿಸಿ ಕರೆಸಿದ್ದಾರೆ ನೋಡಿ."

೪. ಸಹಜ

ಫೋಟೊಗಳು 'ಕ್ಯಾಂಡಿಡ್' ಆಗಿರಬೇಕು, ಅಂದರೆ ಯಾರಿಗೂ ಗೊತ್ತಾಗದ ಹಾಗೆ ತೆಗೆಯಬೇಕು ಎಂದು ಪ್ಲಾನರ್ ಆಜ್ಞೆ. ಯಾರು ಯಾವಾಗ ಯಾವ ಕಡೆ ತಿರುಗಿ ಸಹಜವಾಗಿರಬೇಕು ಎಂದು ಎರಡು ಪುಟದ ಪಟ್ಟಿಯನ್ನೂ ಕೊಟ್ಟಿದ್ದಳು. ವರ ಮುಂಬಯಿಯಲ್ಲೇ ಬೆಳೆದವನು, ಕನ್ನಡ ತಡವರಿಸುತ್ತಾನೆ, ಪಾಪದ ಹುಡುಗ. ಪಟ್ಟಿ ಹಿಡಿದು ಬೆವರುತ್ತಾ ಬಂದ.

"ಅಂಕಲ್, ಇಲ್ಲಿ 'ಅಚಾನಕ್ ನಗು' ಅಂತ ಇದೆ. ನೀವು ಒನ್ ಟೂ ಥ್ರೀ ಹೇಳ್ತೀರಾ, ಇಲ್ಲಾ ನಾನೇ ಸ್ಟಾರ್ಟ್ ಮಾಡಬೇಕಾ?"

೫. ಬಸ್ಸು

ಕೊನೆಗೂ ಹತ್ತೂವರೆಗೇ ನಿಂತ ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ. ಐವತ್ತು ಕುರ್ಚಿ, ಐವತ್ತು ತಟ್ಟೆ. ತಟ್ಟೆಯೊಳಗೆ ಎರಡು ತುಂಡು ಚೀಸು, ಒಂದು ಬಿಸ್ಕತ್ತು. ಅದೇ ತಿಂಡಿಯಂತೆ. ಆಗ ಗೇಟಿನ ಮುಂದೆ ಎರಡು ಬಸ್ಸು ಬಂದು ನಿಂತವು. ಇಳಿದದ್ದು ನಮ್ಮ ಇಡೀ ಕಾಲನಿ. ರೇಷ್ಮೆ ಸೀರೆ, ಮಲ್ಲಿಗೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಉಡುಗೊರೆ. ಎಲ್ಲರಿಗಿಂತ ಮುಂದೆ, ನಮ್ಮ ಬಿಲ್ಡಿಂಗಿನ ವಿಜಾಪುರದ ಅಜ್ಜಿ.

ಪ್ಲಾನರ್ ನನ್ನ ತೋಳು ಹಿಡಿದಳು. "ಇವರನ್ನೆಲ್ಲ ಎಡಿಟ್‌ನಲ್ಲಿ ತೆಗೀಬಹುದಾ?"

ಮದುಮಗಳು ಮಂಟಪದಿಂದ ಇಳಿದು ಬಂದಳು. ಮುಖ ಕೆಂಪಾಗಿತ್ತು. "ಅಪ್ಪಾ, ನೀನು ಪ್ರಾಮಿಸ್ ಮಾಡಿದ್ದೆ. ನಾನು ಈಗಲೇ ಹೊರಟೆ."

ಅಪ್ಪ ಅವಳ ಕೈ ಹಿಡಿದುಕೊಂಡರು. "ನಿನ್ನಾಣೆಗೂ ನಾನು ಯಾರನ್ನೂ ಕರೆದಿಲ್ಲ ಕಣಮ್ಮಾ. 'ಕರೆಯೋಕೆ ಆಗ್ತಿಲ್ಲ, ತಪ್ಪು ತಿಳೀಬೇಡಿ' ಅಂತ ಹೇಳೋಕೆ ಮನೆಮನೆಗೆ ಹೋಗಿದ್ದೆ, ಅಷ್ಟೆ."

"ಒಬ್ಬರೇ ಹೋಗಿದ್ರಾ?" ಎಂದೆ ನಾನು.

"ನಾನೂ ಹೋಗಿದ್ದೆ," ಎಂದರು ಅಮ್ಮ. "ಮದುವೆ ವಿಷಯ ಹೇಳೋಕೆ ಬರಿಗೈಲಿ ಹೋಗ್ತಾರಾ? ಬಾಗಿಲಲ್ಲಿ ಕುಂಕುಮ ಇಟ್ಟೆ, ಅಕ್ಷತೆ ಕೊಟ್ಟೆ."

ನಮ್ಮಲ್ಲಿ ಕುಂಕುಮ, ಅಕ್ಷತೆ ಕೊಟ್ಟರೆ ಅದೇ ಕರೆ. ಆಮೇಲೆ ಬಾಯಲ್ಲಿ ಏನು ಹೇಳಿದರೂ ಯಾರು ಕೇಳುತ್ತಾರೆ?

ಮದುಮಗಳು ಪಟ್ಟು ಬಿಡದೆ ಅಜ್ಜಿಯನ್ನೇ ಕೇಳಿದಳು: "ಅಜ್ಜೀ, ಬರಬೇಡಿ ಅಂತ ಅಪ್ಪ ಹೇಳಿದ್ದು ನಿಜಾನಾ?"

"ಹೌದವಾ, ಹೇಳ್ಯಾರ," ಎಂದಳು ಅಜ್ಜಿ. "ಈಗಿನ ಮಂದಿ ಬರ್ರಿ ಅನ್ನಾಕ ವಾಟ್ಸಾಪಿನ್ಯಾಗ ಒಂದು ಚಿತ್ರ ಒಗೀತಾರ. ನಿಮ್ಮಪ್ಪ ಬರಬ್ಯಾಡ್ರಿ ಅನ್ನಾಕ ನಾಕು ಮಾಳಿಗಿ ಹತ್ತಿ ಬಂದು ಕೈ ಮುಗದು ಕಣ್ಣೀರು ಹಾಕ್ಯಾರ. ಇಷ್ಟು ಮರ್ಯಾದಿ ಕೊಟ್ಟವರ ಮನಿ ಮದುವಿಗೆ ಬರದ ಹ್ಯಾಂಗ ಇರೂದವಾ?"

ಮದುಮಗಳು ಅಪ್ಪನನ್ನು ನೋಡಿದಳು, ಸಿಟ್ಟು ಮಾಡಲು ಹೋಗಿ ಬಿದ್ದು ಬಿದ್ದು ನಕ್ಕಳು. ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಅಪ್ಪ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಪ್ಲಾನರ್ ಮಾತ್ರ ತಟ್ಟೆ ತೋರಿಸಿ ಚೀರಿದಳು: "ಆದ್ರೆ ಅಜ್ಜೀ, ಊಟ ಫಿಫ್ಟಿ ಜನಕ್ಕೆ ಮಾತ್ರ ಇದೆ!"

ಅಜ್ಜಿ ಬಗ್ಗಿ ಆ ಚೀಸಿನ ತುಂಡನ್ನು ನೋಡಿದಳು, ಆಮೇಲೆ ಪ್ಲಾನರ್ ತಲೆ ಸವರಿದಳು. "ಚಿಂತಿ ಮಾಡಬ್ಯಾಡ ಮಗಳ. ಬಸ್ಸಿನ್ಯಾಗ ರೊಟ್ಟಿ, ಎಣಗಾಯಿ ತಂದೀವಿ. ಪಾಪ, ನಿಮ್ಮ ಐವತ್ತು ಮಂದೀಗೂ ಸಾಲತಾವ."